ಮುದಿ ನಾಯಿಯ ಕ್ಯಾನ್ಸರ್ ಮತ್ತು ಮನೆಯವರ ಋಣ



ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಸೀಮೆಯಲ್ಲಿ ನಾಯಿಯಿಲ್ಲದ ಊರಿಲ್ಲ. ಕಲ್ಯಾಣದುರ್ಗದ ಕಡೆ ಕುರಿಹಟ್ಟಿ ಕಾಯಲು ನಾಯಿ ಬೇಕು. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗದಂತೆ ನೋಡಿಕೊಳ್ಳಲು ನಾಯಿ ಬೇಕು. ಹಿಂದೂಪುರದ ಪೇಟೆಯಲ್ಲಾದರೆ ಗೇಟಿನ ಹಿಂದೆ ಒಂದು ನಾಯಿ, ಮಕ್ಕಳ ಜೊತೆ ಸೋಫಾ ಹತ್ತುವ ಇನ್ನೊಂದು ನಾಯಿ. ಯಾವ ಜಾತಿಯಾದರೂ ಸರಿ, ಹತ್ತು ವರ್ಷ ಮನೆಯಲ್ಲಿದ್ದರೆ ಅದು ಮನೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಅಂಥ ನಾಯಿಯ ಹೊಟ್ಟೆಯ ಕೆಳಗೆ ಒಂದು ದಿನ ಗಂಟು ಸಿಗುತ್ತದೆ. ಡಾಕ್ಟರು ನೋಡಿ, "ಇದು ಕ್ಯಾನ್ಸರ್ ಇರಬಹುದು" ಅನ್ನುತ್ತಾರೆ. ಮನೆಯವರ ಬಾಯಿಂದ ಬರುವ ಮೊದಲ ಮಾತು, "ಏನ್ ಸಾರ್, ನಾಯಿಗೂ ಕ್ಯಾನ್ಸರಾ?" ಎರಡನೆಯದು, "ಈಗ ನಾವೇನು ಮಾಡಬೇಕು?"

ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವುದೇ ಇವತ್ತಿನ ನನ್ನ ಮಾತಿನ ಉದ್ದೇಶ. ನಾನು ಹೇಳಬೇಕಾದದ್ದು ಒಂದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ರೋಗಕ್ಕೆ ಚಿಕಿತ್ಸೆ ಮಾಡಿಸುವುದು ನಿಮ್ಮ ಶಕ್ತಿಗೆ ಬಿಟ್ಟದ್ದು. ನೋವಿಗೆ ಚಿಕಿತ್ಸೆ ಮಾಡಿಸುವುದು ನಿಮ್ಮ ಮೇಲಿರುವ ಋಣ. ಮೊದಲನೆಯದನ್ನು ಬಿಟ್ಟವರನ್ನು ಯಾರೂ ದೂರುವಂತಿಲ್ಲ. ಎರಡನೆಯದನ್ನು ಬಿಡಲು ಯಾರಿಗೂ ಹಕ್ಕಿಲ್ಲ.

ಮೊದಲು ರೋಗದ ವಿಚಾರ.

ನಾಯಿಗೂ ಕ್ಯಾನ್ಸರ್ ಬರುತ್ತದೆ. ವಯಸ್ಸಾದಂತೆ ಹೆಚ್ಚು ಬರುತ್ತದೆ. ಏಳೆಂಟು ವರ್ಷ ದಾಟಿದ ನಾಯಿ ವೈದ್ಯರ ಲೆಕ್ಕದಲ್ಲಿ ಮುದಿ ನಾಯಿ. ದೊಡ್ಡ ಗಾತ್ರದವು ಇನ್ನೂ ಬೇಗ ಮುದಿಯಾಗುತ್ತವೆ. ಹತ್ತು ವರ್ಷ ದಾಟಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಒಂದಲ್ಲ ಒಂದು ಬಗೆಯ ಕ್ಯಾನ್ಸರ್ ಬರುತ್ತದೆಂದು ಅಮೆರಿಕದ ಪಶುವೈದ್ಯರು ಅಂದಾಜು ಮಾಡಿದ್ದಾರೆ. ಆದ್ದರಿಂದ ಇದು ನಿಮ್ಮ ಮನೆಗೆ ಮಾತ್ರ ಬಂದ ಶಾಪವಲ್ಲ. ನೀವು ಹಾಕಿದ ಊಟದಿಂದ ಬಂತು, ಮಲಗಿಸಿದ ಜಾಗದಿಂದ ಬಂತು ಎಂದು ಕೊರಗಬೇಡಿ. ನಾಯಿಯಿಂದ ಮನೆಯವರಿಗೂ ಇದು ಅಂಟುವುದಿಲ್ಲ. ಮಕ್ಕಳು ಮುಟ್ಟಬಹುದು, ಮುದ್ದು ಮಾಡಬಹುದು.

ಇನ್ನೊಂದು ಮಾತು. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಚರ್ಮದ ಕೆಳಗೆ ಮೆತ್ತಗೆ ಜಾರಾಡುವ ಗಂಟು ಬರೀ ಕೊಬ್ಬಿನದಿರಬಹುದು. ಬಿಸಿಯಾಗಿ, ಮುಟ್ಟಿದರೆ ನಾಯಿ ಕುಯ್ಗುಟ್ಟುವ ಊತ ಕೀವಿನದಿರಬಹುದು. ನಮ್ಮ ಸೀಮೆಯಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು ಉಣ್ಣೆ ಜ್ವರ. ಒಣಹವೆ, ಕುರಿಹಟ್ಟಿ, ಕಲ್ಲುಗೋಡೆಯ ಸಂದು ಇವೆಲ್ಲ ಉಣ್ಣೆಗಳಿಗೆ ಹೇಳಿಮಾಡಿಸಿದ ಜಾಗ. ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರುವ ಎರ್ಲಿಕಿಯಾ ಎಂಬ ರೋಗಾಣುವಿನಿಂದ ನಾಯಿಗೆ ಜ್ವರ ಬರುತ್ತದೆ. ಗ್ರಂಥಿಗಳು ಊದುತ್ತವೆ. ಕೆಲವಕ್ಕೆ ಮೂಗಿನಿಂದ ರಕ್ತವೂ ಸೋರುತ್ತದೆ. ಹೊರಗಿನಿಂದ ನೋಡಿದರೆ ಗ್ರಂಥಿಯ ಕ್ಯಾನ್ಸರಿನ ಹಾಗೆಯೇ ಕಾಣುತ್ತದೆ. ಆದರೆ ರಕ್ತಪರೀಕ್ಷೆ ಮಾಡಿಸಿ, ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸುಮಾರು ನಾಲ್ಕು ವಾರ ಕೊಟ್ಟರೆ ಬಹಳಷ್ಟು ನಾಯಿಗಳು ಗುಣವಾಗುತ್ತವೆ. ಗುಣವಾಗುವ ಜ್ವರವನ್ನು ಕ್ಯಾನ್ಸರ್ ಎಂದುಕೊಂಡು ಕೈಬಿಟ್ಟರೆ ಅದಕ್ಕಿಂತ ಅನ್ಯಾಯವಿಲ್ಲ.

ಇಲ್ಲಿಯವರೆಗೆ ಎರಡು ಸಂಗತಿ ಆಯಿತು. ಮುದಿ ನಾಯಿಗೆ ಕ್ಯಾನ್ಸರ್ ಬರುವುದು ಅಪರೂಪವಲ್ಲ. ಆದರೆ ಗಂಟು ಕಂಡ ಕೂಡಲೇ ಅದು ಕ್ಯಾನ್ಸರೇ ಎಂದು ತೀರ್ಮಾನಿಸಬಾರದು. ಹಾಗಾದರೆ ತಿಳಿಯುವುದು ಹೇಗೆ?

ತಿಳಿಯುವ ಮೊದಲ ಉಪಾಯ ಒಂದು ಸಣ್ಣ ಸೂಜಿ. ಡಾಕ್ಟರು ಗಂಟಿಗೆ ಸೂಜಿ ಚುಚ್ಚಿ ಒಂದು ಹನಿ ರಸ ಎಳೆಯುತ್ತಾರೆ. ಅದನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಹಳ ಸಲ ಅರಿವಳಿಕೆಯೂ ಬೇಕಾಗುವುದಿಲ್ಲ. ಅದರಲ್ಲಿ ಸ್ಪಷ್ಟವಾಗದಿದ್ದರೆ ಗಂಟಿನ ಒಂದು ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆರಳುತ್ತದೆ" ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಆ ಭಯದಿಂದ ಪರೀಕ್ಷೆ ಬಿಡಬೇಡಿ. ಸೂಜಿ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಡಾಕ್ಟರಿಗೆ ಗೊತ್ತಿರುತ್ತದೆ.

ಆಮೇಲೆ ಎದೆಯ ಎಕ್ಸ್-ರೇ. ಕ್ಯಾನ್ಸರ್ ಹರಡುವಾಗ ಹೆಚ್ಚಾಗಿ ಶ್ವಾಸಕೋಶ ಸೇರುತ್ತದೆ. ಗಂಟು ತೆಗೆಸುವ ಮೊದಲು ಎದೆ ನೋಡಬೇಕು. ಎದೆಗೆ ಹರಡಿದ್ದರೆ ಹೊಟ್ಟೆಯ ಗಂಟನ್ನು ಕೊಯ್ದು ನಾಯಿಗೆ ಸಾಮಾನ್ಯವಾಗಿ ಲಾಭವಿಲ್ಲ. ಗಾಯದ ನೋವು ಮಾತ್ರ ಉಳಿಯುತ್ತದೆ.

ಮನುಷ್ಯರಿಗೆ ಕ್ಯಾನ್ಸರ್ ಎಂದರೆ ನಮ್ಮ ಕಡೆಯವರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ನೆನಪಾಗುತ್ತದೆ. ನಾಯಿಗೆ ಎಲ್ಲಿಗೆ ಹೋಗಬೇಕು? ಮೊದಲು ನಿಮ್ಮ ಊರಿನ ಸರ್ಕಾರಿ ಪಶು ಆಸ್ಪತ್ರೆಗೇ ಹೋಗಿ. ಅಲ್ಲಿ ಎಮ್ಮೆ, ಕುರಿಗಳ ಸಾಲಿನಲ್ಲಿ ನಾಯಿ ಹಿಡಿದು ನಿಲ್ಲಲು ಸಂಕೋಚಪಡಬೇಡಿ. ಹೆಚ್ಚಿನ ಪರೀಕ್ಷೆ ಬೇಕೆಂದರೆ ಹಿಂದೂಪುರದವರಿಗೆ ಹತ್ತಿರದ ದೊಡ್ಡ ಜಾಗ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು. 1958ರಲ್ಲಿ ಶುರುವಾದದ್ದು. ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕದ ದಾರಿಯಲ್ಲಿ ಸುಮಾರು 100 ಕಿಲೋಮೀಟರ್. ಕಲ್ಯಾಣದುರ್ಗದವರಿಗೆ ಪಾವಗಡ, ಮಧುಗಿರಿಯ ಮೇಲೆ ಅದರ ಎರಡರಷ್ಟು ದೂರ. ಆಂಧ್ರದೊಳಗೇ ಹೋಗಬೇಕೆಂದರೆ ತಿರುಪತಿಯ ಪಶುವೈದ್ಯ ಕಾಲೇಜು ಇದೆ. ಅದು 1955ರದ್ದು. ಬೇಸಿಗೆಯಲ್ಲಿ ಹೊರಡುವುದಾದರೆ ಕೋಳಿ ಕೂಗುವ ಹೊತ್ತಿಗೇ ಹೊರಡಿ. ಮುದಿ ನಾಯಿಗೆ ಮಧ್ಯಾಹ್ನದ ಗಾಡಿಯ ಸೆಕೆ ರೋಗಕ್ಕಿಂತ ಮೊದಲೇ ಪ್ರಾಣ ತೆಗೆದೀತು.

ಡಾಕ್ಟರ ಮುಂದೆ ಕುಳಿತಾಗ ನಾಲ್ಕು ಪ್ರಶ್ನೆ ಕೇಳಿ. ಈ ರೋಗದ ಹೆಸರೇನು? ಎಲ್ಲಿಯವರೆಗೆ ಹರಡಿದೆ? ಚಿಕಿತ್ಸೆ ಮಾಡಿಸಿದರೆ ಎಷ್ಟು ದಿನ, ಮಾಡಿಸದಿದ್ದರೆ ಎಷ್ಟು ದಿನ, ಆ ದಿನಗಳು ಹೇಗಿರುತ್ತವೆ? ಕೊನೆಯದು, ಇವತ್ತು ರಾತ್ರಿ ನೋವಿಗೆ ಏನು ಕೊಡಬೇಕು? ಮೊದಲ ಮೂರು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ನಾಲ್ಕನೆಯದನ್ನು ಮರೆತು ಎದ್ದು ಬರುತ್ತಾರೆ. ಆ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡಾದರೂ ಹೋಗಿ.

ಕೇಳುಗರೇ, ಗಂಟು ಕಂಡಿತು, ಸೂಜಿ ಪರೀಕ್ಷೆಯಾಯಿತು, ಎದೆಯ ಎಕ್ಸ್-ರೇ ಆಯಿತು. ಈಗ ರೋಗದ ಹೆಸರು ಗೊತ್ತಾಗಿದೆ. ಹೆಸರು ಏಕೆ ಮುಖ್ಯ? ಒಂದೊಂದು ಕ್ಯಾನ್ಸರಿನ ದಾರಿ ಒಂದೊಂದು. ನಾಲ್ಕನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಹೆಣ್ಣು ನಾಯಿಯ ಮೊಲೆಗಡ್ಡೆ. ಹೆಣ್ಣು ನಾಯಿಯ ಹೊಟ್ಟೆಯ ಮೇಲೆ ಎರಡು ಸಾಲು ಮೊಲೆಗಳಿವೆ. ಸಾಮಾನ್ಯವಾಗಿ ಸಾಲಿಗೆ ಐದು. ಹೆಚ್ಚಿನ ಗಡ್ಡೆಗಳು ಬರುವುದು ಹಿಂಗಾಲಿನ ಕಡೆಯ ಮೊಲೆಗಳಲ್ಲಿ. ಇವುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಕೆಟ್ಟ ಗಡ್ಡೆಗಳು. ಗಾತ್ರ ಸಣ್ಣ ನಿಂಬೆಹಣ್ಣಿಗಿಂತ, ಅಂದರೆ ಮೂರು ಸೆಂಟಿಮೀಟರಿಗಿಂತ ಕಡಿಮೆ ಇರುವಾಗಲೇ ತೆಗೆಸಿದರೆ ಫಲ ಚೆನ್ನಾಗಿರುತ್ತದೆ. ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಆರು ತಿಂಗಳು ಕಾದವರು ಗಡ್ಡೆ ಒಡೆದು ಹುಳು ಬಿದ್ದ ಮೇಲೆ ಬರುತ್ತಾರೆ.

ಎರಡನೆಯದು ಗ್ರಂಥಿಯ ಕ್ಯಾನ್ಸರ್, ಲಿಂಫೋಮಾ. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಗಂಟುಗಳು ಎದ್ದುಬರುತ್ತವೆ. ಒತ್ತಿದರೆ ನೋವಿರುವುದಿಲ್ಲ. ನಾಲ್ಕಾರು ಔಷಧಿಗಳನ್ನು ಸೇರಿಸಿ ಕೀಮೋ ಕೊಟ್ಟರೆ ಹೆಚ್ಚಿನ ನಾಯಿಗಳಲ್ಲಿ ಗಂಟು ಕರಗುತ್ತದೆ. ಸರಾಸರಿ ಒಂದು ವರ್ಷದಷ್ಟು ಆಯಸ್ಸು ಸಿಗುತ್ತದೆ. ಬರೀ ಸ್ಟೆರಾಯ್ಡ್ ಮಾತ್ರೆ ಕೊಟ್ಟರೆ ಒಂದೆರಡು ತಿಂಗಳು. ನಾಯಿಯ ಕೀಮೋ ಎಂದರೆ ಮನುಷ್ಯರ ಕೀಮೋ ನೆನೆದು ಹೆದರಬೇಡಿ. ನಾಯಿಗೆ ಕೊಡುವ ಪ್ರಮಾಣ ಕಡಿಮೆ. ಹೇಗಾದರೂ ಬದುಕಿಸಬೇಕೆಂಬ ಹಟ ಅಲ್ಲಿಲ್ಲ. ಉಳಿದ ದಿನಗಳು ಚೆನ್ನಾಗಿರಲಿ ಎಂಬುದೇ ಗುರಿ. ಕೂದಲು ಉದುರುವುದು ಕಡಿಮೆ. ವಾಂತಿ, ಸುಸ್ತು ಬಂದರೂ ಹೆಚ್ಚಿನವಕ್ಕೆ ಒಂದೆರಡು ದಿನದಲ್ಲಿ ಹೋಗುತ್ತದೆ.

ಮೂರನೆಯದು ಮೂಳೆಯ ಕ್ಯಾನ್ಸರ್. ದೊಡ್ಡ ಗಾತ್ರದ ನಾಯಿಗಳಿಗೆ ಬರುವಂಥದ್ದು. ನಾಯಿ ಕುಂಟುತ್ತದೆ. ಬಿದ್ದಿರಬೇಕು ಎಂದುಕೊಂಡು ಮನೆಯವರು ಎಣ್ಣೆ ತಿಕ್ಕುತ್ತಾರೆ. ಕುಂಟು ಹೋಗುವುದಿಲ್ಲ, ಊತ ಗಟ್ಟಿಯಾಗುತ್ತದೆ. ಇದು ನಾಯಿಯ ಕ್ಯಾನ್ಸರುಗಳಲ್ಲಿ ಬಹಳ ನೋವಿನದು. ಕಾಲು ತೆಗೆದರೆ ನೋವು ಹೋಗುತ್ತದೆ. ಮೂರು ಕಾಲಿನಲ್ಲಿ ನಾಯಿ ಚೆನ್ನಾಗಿಯೇ ಓಡಾಡುತ್ತದೆ. ಆದರೂ ಕಾಲು ತೆಗೆದದ್ದಷ್ಟೇ ಆದರೆ ನಾಲ್ಕೈದು ತಿಂಗಳು, ಕೀಮೋ ಸೇರಿದರೆ ಸುಮಾರು ಒಂದು ವರ್ಷ.

ನಾಲ್ಕನೆಯದು ನಮ್ಮ ಬೀದಿಗಳಲ್ಲಿ ಹೆಚ್ಚು ಕಾಣುವುದು. ಗಂಡು ಅಥವಾ ಹೆಣ್ಣು ನಾಯಿಯ ಜನನಾಂಗದಲ್ಲಿ ಹೂಕೋಸಿನ ಹಾಗೆ ಎದ್ದ ಕೆಂಪು ಗಡ್ಡೆ. ಹನಿ ಹನಿ ರಕ್ತ ಸೋರುತ್ತದೆ. ನಾಯಿಗಳು ಕೂಡಿದಾಗ ಒಂದರಿಂದ ಇನ್ನೊಂದಕ್ಕೆ ಅಂಟುವ ಕ್ಯಾನ್ಸರ್ ಇದು. ಇದರ ಕಥೆ ವಿಚಿತ್ರ. 1876ರಲ್ಲಿ ರಷ್ಯಾದ ಪಶುವೈದ್ಯ ನೊವಿನ್‌ಸ್ಕಿ ಈ ಗಡ್ಡೆಯ ಚೂರನ್ನು ಇನ್ನೊಂದು ನಾಯಿಗೆ ಹಚ್ಚಿ, ಅದು ಅಲ್ಲಿಯೂ ಬೆಳೆಯುವುದನ್ನು ತೋರಿಸಿದರು. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಗಡ್ಡೆಯೇ ಇಂದಿಗೂ ನಾಯಿಯಿಂದ ನಾಯಿಗೆ ದಾಟುತ್ತಾ ಬದುಕಿದೆ ಎಂದು ಈಗಿನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನೋಡಲು ಇದೇ ಭಯಂಕರ. ಗುಣವಾಗುವುದರಲ್ಲಿ ಇದೇ ಮುಂದು. ವಿನ್‌ಕ್ರಿಸ್ಟಿನ್ ಎಂಬ ಹಳೆಯ ಔಷಧಿಯನ್ನು ವಾರಕ್ಕೊಂದರಂತೆ ನಾಲ್ಕಾರು ವಾರ ಚುಚ್ಚಿದರೆ ಹತ್ತರಲ್ಲಿ ಒಂಬತ್ತು ನಾಯಿಗಳು ಪೂರ್ತಿ ಗುಣವಾಗುತ್ತವೆ.

ಈ ವಿನ್‌ಕ್ರಿಸ್ಟಿನ್ ಸಿಕ್ಕಿದ್ದು ಎಲ್ಲಿಂದ ಗೊತ್ತೇ? ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದ. ಕಾಶಿಕಣಗಿಲೆ ಅನ್ನುವವರೂ ಇದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ, ಈ ಗಿಡ ಆ ಗಾದೆಯನ್ನು ಸುಳ್ಳು ಮಾಡಿದೆ. ಹಾಗೆಂದು ಎಲೆ ಅರೆದು ಕುಡಿಸಬೇಡಿ. ಗಿಡ ವಿಷ. ಔಷಧಿಯೂ ರಕ್ತನಾಳದೊಳಕ್ಕೇ ಹೋಗಬೇಕು. ಒಂದು ಹನಿ ಹೊರಗೆ ಸೋರಿದರೂ ಸುತ್ತಲಿನ ಮಾಂಸ ಸುಡುತ್ತದೆ. ಡಾಕ್ಟರೇ ಕೊಡಬೇಕು. ಇಂಥ ಕೀಮೋ ಕೊಟ್ಟ ಮೇಲೆ ಕೆಲವು ದಿನ ನಾಯಿಯ ಮಲಮೂತ್ರವನ್ನು ಕೈಗವಸು ಹಾಕಿಕೊಂಡೇ ತೆಗೆಯಿರಿ. ಬಸುರಿಯರು, ಚಿಕ್ಕ ಮಕ್ಕಳು ಆ ಕೆಲಸಕ್ಕೆ ಹೋಗಬಾರದು.

ನಾಲ್ಕು ಕ್ಯಾನ್ಸರ್ ಹೇಳಿದೆ. ಒಂದು ಗುಣವಾಗುತ್ತದೆ. ಒಂದು ಬೇಗ ತೆಗೆಸಿದರೆ ಗುಣವಾಗಬಹುದು. ಇನ್ನೆರಡರಲ್ಲಿ ಸಿಗುವುದು ತಿಂಗಳುಗಳ ಲೆಕ್ಕದ ಆಯಸ್ಸು. ಇಲ್ಲಿಂದ ಮುಂದಿನದು ಡಾಕ್ಟರ ವಿಷಯವಲ್ಲ, ಮನೆಯ ವಿಷಯ.

ಮನೆಯಲ್ಲಿ ಜಗಳ ಶುರುವಾಗುವುದು ಇಲ್ಲಿಯೇ. ಮಗಳು ಫೋನಿನಲ್ಲಿ ಅಳುತ್ತಾ, "ಸಾಲ ಮಾಡಿಯಾದರೂ ತೋರಿಸಿ" ಅನ್ನುತ್ತಾಳೆ. ಅಪ್ಪ, "ನನ್ನ ಮಂಡಿಗೇ ದುಡ್ಡಿಲ್ಲ, ನಾಯಿಗೆ ಎಲ್ಲಿಂದ ತರಲಿ" ಅನ್ನುತ್ತಾನೆ. ಕುರಿಹಟ್ಟಿಯಲ್ಲಾದರೆ ಪ್ರಶ್ನೆ ಇನ್ನೂ ನೇರ: "ಔಷಧಿ ಹಾಕಿದರೆ ಮತ್ತೆ ಕುರಿ ಕಾಯುತ್ತಾ ಸಾಮಿ?" ಇವರಲ್ಲಿ ಯಾರೂ ಕೆಟ್ಟವರಲ್ಲ. ಮಳೆ ಕಡಿಮೆಯ ಸೀಮೆ ನಮ್ಮದು. ಕಡಲೆಕಾಯಿ ಕೈಕೊಟ್ಟ ವರ್ಷ ಮಕ್ಕಳ ಫೀಸಿಗೂ ತತ್ವಾರ. ದುಬಾರಿ ಚಿಕಿತ್ಸೆ ಮಾಡಿಸದವನು ನಾಯಿಯನ್ನು ಪ್ರೀತಿಸಲಿಲ್ಲ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಆದರೆ "ನಾಯಿ ತಾನೇ, ಬಿಟ್ಟುಬಿಡಿ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡದ ನೆಲವೂ ಒಪ್ಪಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಆತಕೂರು ಎಂಬ ಊರಿದೆ. ಸುಮಾರು 1,075 ವರ್ಷದ ಹಿಂದೆ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ತಕ್ಕೋಲದ ಯುದ್ಧದಲ್ಲಿ ಮಣಲೆರ ಎಂಬ ವೀರ ಮೆರೆದ. ಮೆಚ್ಚಿದ ಒಡೆಯ ಬೇಕಾದ್ದನ್ನು ಕೇಳು ಎಂದಾಗ ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ದೊಡ್ಡದೊಂದು ಹಂದಿಯ ಜೊತೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ಶಾಸನದಲ್ಲೇ ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಮನುಷ್ಯ ಋಣಿ ಎಂಬುದು ಪೇಟೆಯವರು ಇತ್ತೀಚೆಗೆ ತಂದ ಹೊಸ ಶೋಕಿಯಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ, ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಕಾರಣವಿಲ್ಲದೆ ಬಿಟ್ಟುಬರುವುದು ಅಪರಾಧ. ಕಾಯಿಲೆಯ ನಾಯಿಯನ್ನು ರಾತ್ರಿ ಹೊತ್ತು ಹೆದ್ದಾರಿಯ ಡಾಬಾ ಪಕ್ಕ ಇಳಿಸಿ ಬರುವವರು ಇದನ್ನು ತಿಳಿದಿರಲಿ.

ಹಾಗಾದರೆ ಆ ಋಣ ತೀರಿಸುವುದು ಹೇಗೆ? ದುಡ್ಡಿದ್ದವರು ಚಿಕಿತ್ಸೆ ಮಾಡಿಸಲಿ. ಇಲ್ಲದವರೂ ನೋವು ಕಳೆಯಬೇಕು. ಈಗ ನೋವಿನ ವಿಷಯಕ್ಕೆ ಬರೋಣ.

ನಾಯಿ ನೋವನ್ನು ಬಚ್ಚಿಡುವ ಪ್ರಾಣಿ. ಅರಚುವುದಿಲ್ಲ. ಹಾಗಾಗಿ "ಪಾಪ, ಏನೂ ತೊಂದರೆ ಕೊಡುತ್ತಿಲ್ಲ, ಸುಮ್ಮನೆ ಮಲಗಿರುತ್ತದೆ" ಎನ್ನುತ್ತಾರೆ ಮನೆಯವರು. ಆ ಸುಮ್ಮನಿರುವುದೇ ನೋವಿನ ಗುರುತಿರಬಹುದು. ರಾತ್ರಿ ಮಲಗಿ ಎದ್ದು, ಮಲಗಿ ಎದ್ದು ಮಾಡುತ್ತದೆಯೇ? ಓಡದೆಯೂ ಏದುಸಿರು ಬಿಡುತ್ತದೆಯೇ? ಒಂದೇ ಜಾಗವನ್ನು ನೆಕ್ಕುತ್ತಿದೆಯೇ? ಬೈಕಿನ ಸದ್ದಿಗೆ ಗೇಟಿನವರೆಗೆ ಬರುತ್ತಿದ್ದದ್ದು ಈಗ ಕತ್ತು ಮಾತ್ರ ಎತ್ತುತ್ತದೆಯೇ? ಇವು ನೋವಿನ ಗುರುತುಗಳು.

ನೋವಿಗೆ ಔಷಧಿ ಇದೆ. ಮೆಲಾಕ್ಸಿಕ್ಯಾಮ್‌ನಂಥ ಮಾತ್ರೆಗಳು ನಮ್ಮ ಊರುಗಳಲ್ಲೂ ಸಿಗುತ್ತವೆ. ನೋವು ಹೆಚ್ಚಾದರೆ ಡಾಕ್ಟರು ಬೇರೆ ಔಷಧಿ ಸೇರಿಸುತ್ತಾರೆ. ಪ್ರಮಾಣವನ್ನು ನಾಯಿಯ ತೂಕ ನೋಡಿ ಅವರೇ ಬರೆಯಬೇಕು. ಮನೆಯ ಡಬ್ಬಿಯಲ್ಲಿರುವ ಮನುಷ್ಯರ ಮಾತ್ರೆ ಕೊಡಬೇಡಿ. ಐಬುಪ್ರೊಫೇನ್, ಡೈಕ್ಲೊಫಿನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ. ಡೈಕ್ಲೊಫಿನಾಕನ್ನಂತೂ ಪಶುಗಳಿಗೆ ಬಳಸಬಾರದೆಂದು 2006ರಲ್ಲೇ ನಿಷೇಧಿಸಲಾಗಿದೆ. ಅದನ್ನು ಚುಚ್ಚಿಸಿಕೊಂಡು ಸತ್ತ ದನ ತಿಂದು ರಣಹದ್ದುಗಳ ಸಂತತಿಯೇ ನಾಶವಾಗುತ್ತಾ ಬಂದಿತ್ತು. ಇನ್ನೊಂದು ಎಚ್ಚರಿಕೆ. ಸ್ಟೆರಾಯ್ಡ್ ಮಾತ್ರೆಯನ್ನೂ ಮೆಲಾಕ್ಸಿಕ್ಯಾಮನ್ನೂ ಒಟ್ಟಿಗೆ ಕೊಡಬಾರದು. ಇಬ್ಬರು ಡಾಕ್ಟರ ಹತ್ತಿರ ಹೋದವರು ಎರಡೂ ಚೀಟಿ ಒಬ್ಬರಿಗೇ ತೋರಿಸಿ. ನಾಯಿಯ ಮಲ ಟಾರಿನ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ಗಡ್ಡೆಗೆ ಬರೆ ಹಾಕುವುದು, ಸುಣ್ಣ ಹೊಗೆಸೊಪ್ಪು ಮೆತ್ತುವುದು, ಮೈಲುತುತ್ತ ತುಂಬುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಡೆಯುತ್ತದೆ. ಇದರಿಂದ ಗಡ್ಡೆ ಹೋಗುವುದಿಲ್ಲ. ಇರುವ ನೋವಿನ ಮೇಲೆ ಸುಟ್ಟ ನೋವು ಸೇರುತ್ತದೆ, ಅಷ್ಟೆ.

ನೋವಿನ ಮಾತು ಇಷ್ಟು. ಗುರುತು ಹಿಡಿಯಿರಿ, ಡಾಕ್ಟರಿಂದ ಔಷಧಿ ಬರೆಸಿ, ಮನೆಮದ್ದಿನಿಂದ ಹಿಂಸೆ ಕೊಡಬೇಡಿ. ಇದರ ಜೊತೆಗೆ ದಿನದಿನದ ಆರೈಕೆ ಇದೆ. ಅದಕ್ಕೆ ಖರ್ಚು ಕಡಿಮೆ.

ಊಟ ಒಮ್ಮೆಗೇ ಸುರಿಯಬೇಡಿ. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ಉಗುರುಬೆಚ್ಚಗಿದ್ದರೆ ವಾಸನೆ ಏಳುತ್ತದೆ, ನಾಯಿಗೆ ಬಾಯಿರುಚಿ ಬರುತ್ತದೆ. ಅನ್ನಕ್ಕೆ ಬೇಯಿಸಿದ ಮೊಟ್ಟೆ, ಎಲುಬು ತೆಗೆದ ಕೋಳಿ ಅಥವಾ ಮೊಸರು ಕಲಸಿ. ರಾಗಿಮುದ್ದೆಯೂ ನಡೆಯುತ್ತದೆ. ಆದರೆ ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಅವು ನಾಯಿಯ ರಕ್ತ ಕೆಡಿಸುತ್ತವೆ. ಪಾಯಸದ ದ್ರಾಕ್ಷಿಯೂ ಬೇಡ.

ಒಡೆದ ಗಡ್ಡೆಯ ಗಾಯವನ್ನು ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ತೊಳೆಯಿರಿ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು ಸಾಕು. ತೆಳು ಹತ್ತಿಬಟ್ಟೆ ಸಡಿಲವಾಗಿ ಸುತ್ತಿ. ನೊಣ ಕೂರಬಾರದು. ನೊಣ ಕೂತ ಗಾಯದಲ್ಲಿ ಒಂದೇ ದಿನದಲ್ಲಿ ಹುಳುವಾಗುತ್ತದೆ. ಮಲಗಲು ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಕಿ. ಏಳಲಾಗದ ನಾಯಿಯನ್ನು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಶೀಟಿನ ಕೆಳಗೆ ಕಟ್ಟಬೇಡಿ. ಬೇವಿನ ನೆರಳಿಗೆ, ಇಲ್ಲವೆ ಒಳಗಿನ ಕಲ್ಲುಚಪ್ಪಡಿಯ ಮೇಲೆ ತನ್ನಿ.

ಔಷಧಿ ಆಯಿತು, ಆರೈಕೆ ಆಯಿತು. ಇನ್ನು ಎಲ್ಲಕ್ಕಿಂತ ಕಷ್ಟದ ಮಾತು. ಎಲ್ಲಿಯವರೆಗೆ?

ಗೋಡೆಯ ಮೇಲೆ ಕ್ಯಾಲೆಂಡರ್ ಇದೆಯಲ್ಲ, ಅದನ್ನು ಬಳಸಿ. ರಾತ್ರಿ ಮಲಗುವ ಮುನ್ನ, ನಾಯಿಗೆ ಇವತ್ತು ಒಳ್ಳೆಯ ದಿನವಾಗಿದ್ದರೆ ಆ ತಾರೀಕಿಗೆ ಸೊನ್ನೆ ಸುತ್ತಿ. ಕೆಟ್ಟ ದಿನವಾದರೆ ಗೀಟು ಹಾಕಿ. ಉಂಡಿತೇ, ನೀರು ಕುಡಿಯಿತೇ, ತಾನೇ ಎದ್ದು ಹೊರಗೆ ಹೋಯಿತೇ, ನಿಮ್ಮನ್ನು ಕಂಡು ಬಾಲ ಆಡಿಸಿತೇ, ಇಷ್ಟು ನೋಡಿದರೆ ಸಾಕು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೋಸ್ 2004ರಲ್ಲಿ ಇದನ್ನೇ ಅಂಕದ ಲೆಕ್ಕದಲ್ಲಿ ಕೊಟ್ಟಿದ್ದಾರೆ. ನೋವು, ಹಸಿವು, ನೀರು, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು. ಹೀಗೆ ಏಳು ವಿಷಯ. ಒಂದೊಂದಕ್ಕೆ ಹತ್ತು ಅಂಕ. ಒಟ್ಟು 70ರಲ್ಲಿ 35 ದಾಟಿದರೆ ನಾಯಿಯ ಬಾಳು ಸಹನೀಯ. ಅಂಕದ ಲೆಕ್ಕ ಬೇಡವೆನ್ನುವವರಿಗೆ ಕ್ಯಾಲೆಂಡರೇ ಸಾಕು. ಗೀಟುಗಳು ಸೊನ್ನೆಗಳನ್ನು ಮೀರಿದ ವಾರ, ಮನೆಯವರೆಲ್ಲ ಕೂತು ಮಾತಾಡಬೇಕು.

ಆಗ ದಯಾಮರಣದ ಮಾತು ಬರುತ್ತದೆ. ಡಾಕ್ಟರು ಮೊದಲು ಮಂಪರಿನ ಸೂಜಿ ಕೊಡುತ್ತಾರೆ. ನಾಯಿ ನಿದ್ದೆಗೆ ಜಾರುತ್ತದೆ. ಆಮೇಲೆ ಅರಿವಳಿಕೆ ಔಷಧಿಯನ್ನೇ ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಎದೆಬಡಿತ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು. ಒಂದೆರಡು ಸಲ ಉಸಿರು ಎಳೆದಂತೆ ಕಾಣಬಹುದು. ಅದು ನೋವಲ್ಲ, ದೇಹದ ಸೆಳೆತ. ಇದನ್ನು ಮೊದಲೇ ತಿಳಿದಿದ್ದರೆ ಪಕ್ಕದಲ್ಲಿ ಕೂತವರಿಗೆ ಗಾಬರಿಯಾಗುವುದಿಲ್ಲ. ವಿಷ ಹಾಕುವುದು, ಹೊಡೆದು ಸಾಯಿಸುವುದು ಕಾನೂನಿನಲ್ಲಿ ಅಪರಾಧ. ಅದು ದಯೆಯೂ ಅಲ್ಲ.

"ಅದು ಪಾಪವಲ್ಲವೇ?" ಎಂದು ಕೇಳುವ ಹಿರಿಯರಿಗೆ ಒಂದು ಸಂಗತಿ ಹೇಳುತ್ತೇನೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ಗುಣವಾಗದ ನೋವಿನಲ್ಲಿ ಒದ್ದಾಡುತ್ತಿತ್ತು. ಗಾಂಧೀಜಿ ಆಶ್ರಮದವರೊಂದಿಗೆ ಚರ್ಚಿಸಿ, ಡಾಕ್ಟರನ್ನು ಕರೆಸಿ, ಚುಚ್ಚುಮದ್ದಿನಿಂದ ಅದರ ಪ್ರಾಣ ಕಳೆಸಿದರು. ಸಿಟ್ಟಿನ ಪತ್ರಗಳು ಬಂದವು. ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಬರೆದು, ಇದೂ ಅಹಿಂಸೆಯೇ ಎಂದು ವಾದಿಸಿದರು. ಅವರ ಮಾತನ್ನು ಒಪ್ಪಲೇಬೇಕೆಂದಿಲ್ಲ. ಮನಸ್ಸು ಒಪ್ಪದಿದ್ದರೆ ದಯಾಮರಣ ಬೇಡ. ಆದರೆ ಪ್ರಾಣ ತೆಗೆಯುವುದಿಲ್ಲ ಎಂದವರು ನೋವು ತೆಗೆಯುವ ಹೊಣೆಯನ್ನು ಎರಡರಷ್ಟು ಹೊರಬೇಕು. ಎರಡನ್ನೂ ಬಿಟ್ಟು ಕೊಟ್ಟಿಗೆಯ ಮೂಲೆಗೆ ಕಟ್ಟಿ, "ಅದರ ಹಣೆಬರಹ" ಎನ್ನುವಂತಿಲ್ಲ.

ಸತ್ತ ಮೇಲೆ ನಾಲ್ಕು ಅಡಿಯಾದರೂ ಆಳದಲ್ಲಿ, ಬಾವಿ ಕೊಳವೆಬಾವಿಗಳಿಂದ ದೂರ ಹೂಳಿ. ಅರಿವಳಿಕೆ ಔಷಧಿ ದೇಹದಲ್ಲೇ ಉಳಿದಿರುತ್ತದೆ. ಬೇರೆ ಪ್ರಾಣಿ ಎಳೆದು ತಿಂದರೆ ಅದೂ ಸಾಯುತ್ತದೆ. ಮಕ್ಕಳಿಗೆ, "ನಾಯಿಯನ್ನು ತೋಟಕ್ಕೆ ಕಳಿಸಿದ್ದೇವೆ" ಎಂದು ಸುಳ್ಳು ಹೇಳಬೇಡಿ. ಸತ್ತಿತು ಎಂದೇ ಹೇಳಿ. ಮಣ್ಣು ಹಾಕಲು ಅವರನ್ನೂ ಕರೆಯಿರಿ. ಮನೆಯ ಗಂಡಸು ಅತ್ತರೆ, "ನಾಯಿಗೆ ಅಳುತ್ತಾನೆ" ಎಂದು ನಗಬೇಡಿ.

ಕೇಳುಗರೇ, ಸಮಯ ಮುಗಿಯುತ್ತಾ ಬಂತು. ಒಂದು ಕೆಲಸ ಇವತ್ತೇ ಮಾಡಿ. ನಿಮ್ಮ ನಾಯಿಗೆ ಏಳು ವರ್ಷ ದಾಟಿದ್ದರೆ, ಊಟ ಹಾಕುವಾಗ ದವಡೆಯಿಂದ ತೊಡೆಸಂದಿಯವರೆಗೆ ಒಮ್ಮೆ ಕೈಯಾಡಿಸಿ. ತಿಂಗಳಿಗೊಮ್ಮೆ ಹೀಗೆ ಮಾಡಿ. ಹುಣಿಸೆಬೀಜದಷ್ಟು ಗಂಟು ಸಿಕ್ಕರೂ ಆ ವಾರವೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಈಗಾಗಲೇ ಕ್ಯಾನ್ಸರ್ ಇರುವ ನಾಯಿ ನಿಮ್ಮ ಮನೆಯಲ್ಲಿದ್ದು, ಇದುವರೆಗೆ ನೋವಿನ ಔಷಧಿ ಕೊಟ್ಟಿಲ್ಲವಾದರೆ, ನಾಳೆ ಬೆಳಿಗ್ಗೆ ಬೇರೆ ಕೆಲಸಕ್ಕೆ ಮೊದಲು ಅದನ್ನು ಬರೆಸಿಕೊಂಡು ಬನ್ನಿ.